ಹಳೆ ಪಿಸಿ ಹ್ಯಾಂಗ್ ಆದಾಗ ಡೆಬಿಯನ್ 12 ಎಷ್ಟು ಕೈಹಿಡಿಯುತ್ತದೆ?

ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಜನ ಅಳೆಯುವುದು ಎರಡನ್ನೇ: ಬೂಟ್ ಆಗಲು ಎಷ್ಟು ಸೆಕೆಂಡು, ಖಾಲಿ ಕೂತಾಗ ಎಷ್ಟು ರ‍್ಯಾಮ್. ಇವೆರಡೂ ಮುಖ್ಯವೇ, ಆದರೆ ಹತ್ತು ಹದಿನೈದು ವರ್ಷದ ಯಂತ್ರವನ್ನು ದಿನವೂ ಬಳಸುವವರಿಗೆ ನಿಜವಾಗಿ ಕಾಡುವುದು ಬೇರೆ. ಕೆಲಸದ ನಡುವೆ ಪರದೆ ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ. ಮೌಸ್ ಅಲುಗುವುದಿಲ್ಲ, ಕೀಬೋರ್ಡ್ ಕೇಳುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ ಎಂದುಕೊಂಡು ಎಲ್ಲರೂ ಅದನ್ನೇ ಮಾಡುತ್ತಾರೆ. ಸೇವ್ ಮಾಡದ ಕೆಲಸ ಹೋಗುತ್ತದೆ, ಜೊತೆಗೆ ಏಕೆ ನಿಂತಿತು ಎಂಬ ಸುಳಿವೂ ಅಳಿಸಿಹೋಗುತ್ತದೆ. ಆದ್ದರಿಂದ ಈ ವಿಮರ್ಶೆಯ ಅಳತೆಗೋಲು ಒಂದೇ. ಯಂತ್ರ ನಿಂತಾಗ ಒಳಗೆ ಹೋಗಲು ಈ ವ್ಯವಸ್ಥೆ ಎಷ್ಟು ಬಾಗಿಲು ತೆರೆದಿಡುತ್ತದೆ, ಮತ್ತು ಏನಾಯಿತೆಂದು ಆಮೇಲೆ ಓದಲು ಏನು ಉಳಿಸುತ್ತದೆ?

ನೋಡುತ್ತಿರುವುದು ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿ, ಅಂದರೆ ‘ಬುಕ್‌ವರ್ಮ್’, ಎಕ್ಸ್‌ಎಫ್‌ಸಿಇ 4.18 ಡೆಸ್ಕ್‌ಟಾಪ್ ಜೊತೆಗೆ. 2023ರ ಜೂನ್ 10ರಂದು ಬಂದದ್ದು, ಕರ್ನಲ್ (ಹಾರ್ಡ್‌ವೇರನ್ನು ನಡೆಸುವ ತಿರುಳು) 6.1, ಎಕ್ಸ್ ಸರ್ವರ್ (ಪರದೆಗೆ ಚಿತ್ರ ಬರೆದು ಕೀಬೋರ್ಡ್, ಮೌಸ್ ಕೇಳುವ ಪ್ರೋಗ್ರಾಂ, ಮುಂದೆ ಬರೀ ಎಕ್ಸ್ ಅಥವಾ ಎಕ್ಸ್‌ಆರ್ಗ್) 21.1, ಮೆಸಾ (3ಡಿ ಗ್ರಾಫಿಕ್ಸ್ ಲೈಬ್ರರಿ) 22.3. ಡೆಬಿಯನ್ 13 ಕೂಡ 2025ರ ಆಗಸ್ಟ್ 9ರಂದು ಬಂದಿದೆ. ಆದರೆ ಅದರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಹಾಗಾಗಿ ಹಳೆಯ ಯಂತ್ರಗಳ ಮಟ್ಟಿಗೆ 12 ಇನ್ನೂ ಲೆಕ್ಕದಲ್ಲಿದೆ, ಇದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಮೂರು ಬಗೆಯ ಯಂತ್ರಗಳನ್ನು ಗಮನದಲ್ಲಿಟ್ಟು ಬರೆದಿದೆ: ಇಂಟೆಲ್ ಜಿ31, ಜಿ41 ಅಥವಾ ಜಿಎಂ45 ಚಿಪ್‌ಸೆಟ್‌ನ ಕೋರ್ 2 ಡ್ಯುಯೊಗಳು, ಜಿಫೋರ್ಸ್ 8400 ಜಿಎಸ್, 9400 ಜಿಟಿ, 210ರಂಥ ಕಾರ್ಡ್ ಹಾಕಿದ ಡೆಸ್ಕ್‌ಟಾಪ್‌ಗಳು, ಮತ್ತು ಬೇ ಟ್ರೈಲ್ ಪೀಳಿಗೆಯ ಸೆಲೆರಾನ್ ಜೆ1900, ಎನ್2840 ಇರುವ ಚಿಕ್ಕ ಪಿಸಿ ಮತ್ತು ಲ್ಯಾಪ್‌ಟಾಪ್‌ಗಳು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಬೇಕು. ನಮ್ ಲಾಕ್ ಒತ್ತಿ, ದೀಪ ಹೊತ್ತಿಕೊಳ್ಳದಿದ್ದರೆ ಕರ್ನಲ್ಲೇ ಸತ್ತಿದೆ ಎಂದು ಬಹಳ ಕಡೆ ಹೇಳುತ್ತಾರೆ. ಎಕ್ಸ್ ಓಡುತ್ತಿರುವಾಗ ಈ ಮಾತು ನಿಲ್ಲುವುದಿಲ್ಲ. ಆಗ ಕೀಬೋರ್ಡಿನ ದೀಪಗಳನ್ನು ಹೊತ್ತಿಸಿ ಆರಿಸುವುದು ಎಕ್ಸ್ ಸರ್ವರ್‌ನ ಕೆಲಸ. ಎಕ್ಸ್ ಸಿಕ್ಕಿಹಾಕಿಕೊಂಡಿದ್ದರೆ ದೀಪ ಬದಲಾಗದು, ಕರ್ನಲ್ ಮಾತ್ರ ಹಿಂದೆ ಗಟ್ಟಿಮುಟ್ಟಾಗಿ ಓಡುತ್ತಿರುತ್ತದೆ. ನಂಬಬಹುದಾದ ಪರೀಕ್ಷೆ ಪಿಂಗ್, ಅಂದರೆ ನೆಟ್‌ವರ್ಕ್ ಮೂಲಕ ಬದುಕಿದ್ದೀಯಾ ಎಂದು ಕೇಳುವುದು. ಅದೇ ವೈಫೈನಲ್ಲಿರುವ ಮೊಬೈಲಿನಿಂದ ಆ ಯಂತ್ರದ ಐಪಿ ವಿಳಾಸಕ್ಕೆ ಪಿಂಗ್ ಮಾಡಿ ಉತ್ತರ ಬಂದರೆ ಕರ್ನಲ್ ಬದುಕಿದೆ, ತೊಂದರೆ ಅದಕ್ಕಿಂತ ಮೇಲಿದೆ. ಉತ್ತರ ಬರದೆ, ಪಿಎಸ್/2 ಕೀಬೋರ್ಡಿನ ದೀಪಗಳು ತಾವಾಗಿ ಮಿಣುಕುತ್ತಿದ್ದರೆ ಅದು ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕುಸಿದಿದೆ.

ಪಿಂಗ್‌ಗೆ ಉತ್ತರ ಬಂದ ಮೇಲೆ ಬಾಣದ ಗುರುತನ್ನು ನೋಡಿ. ಅದು ಓಡಾಡುತ್ತಿದ್ದು ಕ್ಲಿಕ್ ಮಾತ್ರ ಕೇಳದಿದ್ದರೆ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ನಿಂತಿರಬಹುದು, ಅಥವಾ ಯಾವುದೋ ಪ್ರೋಗ್ರಾಂ ತೆರೆದ ಮೆನು ಮೌಸನ್ನು ಬಿಗಿಹಿಡಿದಿರಬಹುದು. ಬಾಣವೂ ನಿಂತಿದ್ದು ಹಾರ್ಡ್‌ಡಿಸ್ಕ್ ದೀಪ ಎಡೆಬಿಡದೆ ಉರಿಯುತ್ತಿದ್ದರೆ ರ‍್ಯಾಮ್ ಮುಗಿದಿದೆ. ಬಾಣವೂ ನಿಂತು ಡಿಸ್ಕ್ ದೀಪವೂ ತಣ್ಣಗಿದ್ದರೆ ಗ್ರಾಫಿಕ್ಸ್ ಕಡೆ ತಿರುಗಬೇಕು. ಹ್ಯಾಂಗ್ ಎಂಬ ಒಂದೇ ಪದದ ಕೆಳಗೆ ಇಷ್ಟು ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ ಬೇರೆ. ಯಾವುದೆಂದು ತಿಳಿಯದೆ ಎಲ್ಲಿಯೋ ಓದಿದ ಬೂಟ್ ಆಯ್ಕೆಗಳನ್ನೆಲ್ಲ ಒಟ್ಟಿಗೆ ಸುರಿಯುವುದೇ ಹೆಚ್ಚಿನ ಯಂತ್ರಗಳನ್ನು ಇನ್ನಷ್ಟು ಕೆಡಿಸುವುದು.

ಈಗ ಬಾಗಿಲುಗಳ ವಿಚಾರ. ಮೊದಲನೆಯದು ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ ಪಠ್ಯದ ಕನ್ಸೋಲಿಗೆ, ಅಂದರೆ ಆಜ್ಞೆ ಟೈಪ್ ಮಾಡುವ ಬರಿ ಅಕ್ಷರಗಳ ಪರದೆಗೆ ಹೋಗುವುದು. ಡೆಬಿಯನ್ನಿನಲ್ಲಿ ಇದು ಹಾಕಿದ ದಿನದಿಂದಲೇ ಸಿಗುತ್ತದೆ. ಎರಡನೆಯದು ಎಸ್‌ಎಸ್‌ಎಚ್, ಅಂದರೆ ಇನ್ನೊಂದು ಸಾಧನದಿಂದ ನೆಟ್‌ವರ್ಕ್ ಮೂಲಕ ಒಳಹೊಕ್ಕು ಆಜ್ಞೆ ಕೊಡುವ ದಾರಿ. ಇದು ತಾನಾಗಿ ಬರುವುದಿಲ್ಲ. ಇನ್‌ಸ್ಟಾಲರ್‌ನ ಸಾಫ್ಟ್‌ವೇರ್ ಆಯ್ಕೆಯ ಪುಟದಲ್ಲಿ ‘ಎಸ್‌ಎಸ್‌ಎಚ್ ಸರ್ವರ್’ ಎದುರು ಗುರುತು ಹಾಕಬೇಕು, ಮರೆತಿದ್ದರೆ ‘ಓಪನ್‌ಎಸ್‌ಎಸ್‌ಎಚ್-ಸರ್ವರ್’ ಪ್ಯಾಕೇಜನ್ನು ಆಮೇಲೆ ಹಾಕಿಕೊಳ್ಳಬಹುದು. ಹಳೆಯ ಯಂತ್ರದಲ್ಲಿ ಲಿನಕ್ಸ್ ಹಾಕುವ ಯಾರೂ ಇದನ್ನು ಬಿಡಬಾರದು. ಇನ್ನೊಂದು ಕಂಪ್ಯೂಟರ್ ಬೇಕಿಲ್ಲ, ಆಂಡ್ರಾಯ್ಡ್ ಮೊಬೈಲಿನ ಟರ್ಮಕ್ಸ್ ಆ್ಯಪ್ ಸಾಕು. ಒಳಗೆ ಬಂದ ಮೇಲೆ ಮೊದಲು ಲಾಗ್ (ವ್ಯವಸ್ಥೆ ಬರೆದಿಡುವ ದಿನಚರಿ) ಉಳಿಸಿಕೊಂಡು, ಆಮೇಲೆ ‘ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಲೈಟ್‌ಡಿಎಂ’ ಕೊಟ್ಟರೆ ಯಂತ್ರ ಆಫ್ ಮಾಡದೆಯೇ ಲಾಗಿನ್ ಪರದೆ ಮರಳಬಹುದು. ತೆರೆದಿದ್ದ ಪ್ರೋಗ್ರಾಂಗಳು ಮುಚ್ಚಿಹೋಗುತ್ತವೆ, ಫೈಲ್ ಸಿಸ್ಟಮ್ ಮಾತ್ರ ಸುರಕ್ಷಿತ. ‘ಪಿಎಸ್’ ಆಜ್ಞೆ ಕೊಡುವ ಪ್ರಕ್ರಿಯೆಗಳ ಪಟ್ಟಿಯಲ್ಲಿ ಎಕ್ಸ್‌ಆರ್ಗ್ ಪ್ರಕ್ರಿಯೆಯ ಸ್ಥಿತಿ ‘ಡಿ’ ಎಂದಿದ್ದರೆ ಅದು ಕರ್ನಲ್ ಒಳಗೆ ಗ್ರಾಫಿಕ್ಸ್ ಚಿಪ್ಪಿನ ಉತ್ತರಕ್ಕೆ ಕಾಯುತ್ತಿದೆ ಎಂದರ್ಥ. ಅದನ್ನು ಯಾವ ‘ಕಿಲ್’ ಕೂಡ ಕೊಲ್ಲದು, ರೀಬೂಟ್ ಮಾಡಲೇಬೇಕು.

ಮೂರನೆಯ ಬಾಗಿಲು ಸಿಸ್‌ಆರ್‌ಕ್ಯೂ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಇನ್ನೊಂದು ಅಕ್ಷರ ಒತ್ತುವುದು. ಇದನ್ನು ಎಕ್ಸ್ ಅಲ್ಲ, ನೇರವಾಗಿ ಕರ್ನಲ್ ಕೇಳಿಸಿಕೊಳ್ಳುತ್ತದೆ. ಆರ್, ಇ, ಐ, ಎಸ್, ಯು, ಬಿ ಎಂದು ಆರು ಅಕ್ಷರಗಳ ಸರಣಿಯನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆದರೆ ಡೆಬಿಯನ್ನಿನಲ್ಲಿ ಆರೂ ಕೆಲಸ ಮಾಡುವುದಿಲ್ಲ. ಇಲ್ಲಿ ಬಂದಾಗಿನಿಂದಲೇ ಇರುವ ಬೆಲೆ 438. ಅದನ್ನು ಒಡೆದರೆ 2, 4, 16, 32, 128, 256, ಒಂದೊಂದೂ ಒಂದು ಅಧಿಕಾರದ ಸಂಖ್ಯೆ. ಇದರಲ್ಲಿ 64 ಇಲ್ಲ, ಪ್ರಕ್ರಿಯೆಗಳಿಗೆ ಸಂಕೇತ ಕಳಿಸುವ ಅಧಿಕಾರ ಅದರದ್ದೇ. ಹಾಗಾಗಿ ಇ, ಐ ಮತ್ತು ರ‍್ಯಾಮ್ ತಿನ್ನುವ ಪ್ರೋಗ್ರಾಂ ಅನ್ನು ಕೊಲ್ಲುವ ಎಫ್ ಮೂರೂ ಸುಮ್ಮನಿರುತ್ತವೆ. ಆರ್, ಕೆ, ಎಸ್, ಯು, ಬಿ ನಡೆಯುತ್ತವೆ. ಎಸ್ ಡಿಸ್ಕಿಗೆ ಬರೆಯುವುದನ್ನು ಮುಗಿಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬಿ ರೀಬೂಟ್ ಮಾಡುತ್ತದೆ. ಉಬುಂಟುವಿನಲ್ಲಿ ಬೆಲೆ 176, ಅಂದರೆ ಆರ್ ಕೂಡ ಇಲ್ಲ. ಈ ಒಂದು ಸಂಗತಿಯಲ್ಲಿ ಡೆಬಿಯನ್ ಸ್ಪಷ್ಟವಾಗಿ ಮುಂದಿದೆ. ಏಕೆಂದರೆ ಎಕ್ಸ್ ನಿಂತಾಗ ಬೇಕಾಗುವ ಮೊದಲ ಕೀಲಿ ಆರ್. ಅದು ಕೀಬೋರ್ಡನ್ನು ಎಕ್ಸ್‌ನ ಕೈಯಿಂದ ಕಿತ್ತುಕೊಳ್ಳುತ್ತದೆ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್2 ಕೇಳುವ ಸಾಧ್ಯತೆ ಹುಟ್ಟುತ್ತದೆ. ಕೆ ಒತ್ತಿದರೆ ಆ ಕನ್ಸೋಲಿನಲ್ಲಿ ಓಡುತ್ತಿರುವುದೆಲ್ಲ ಸಾಯುತ್ತದೆ, ಎಕ್ಸ್ ಕೂಡ, ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಹೊಸದಾಗಿ ಎದ್ದುಬರುತ್ತದೆ.

ಮನೆಯ ಯಂತ್ರವಾದರೆ ‘/ಇಟಿಸಿ/ಸಿಸ್‌ಸಿಟಿಎಲ್.ಡಿ/’ ಒಳಗೆ ‘.ಕಾನ್ಫ್’ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ ‘ಕರ್ನಲ್.ಸಿಸ್‌ಆರ್‌ಕ್ಯೂ = 502’ ಎಂದು ಬರೆದು, ‘ಸಿಸ್‌ಸಿಟಿಎಲ್ --ಸಿಸ್ಟಮ್’ ಓಡಿಸಿ. 438ಕ್ಕೆ 64 ಸೇರಿದರೆ 502. ಶಾಲೆ, ಗ್ರಂಥಾಲಯದಂಥ ಕಡೆ 438ರಲ್ಲೇ ಬಿಡುವುದು ಸರಿ, ಇಲ್ಲದಿದ್ದರೆ ಯಾರು ಬೇಕಾದರೂ ಬಂದು ಇನ್ನೊಬ್ಬರ ಲಾಕ್ ಪರದೆಯನ್ನು ಕೊಲ್ಲಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್‌ಸ್ಕ್ರೀನ್ ಹಲವು ಸಲ ಎಫ್‌ಎನ್ ಕೀಲಿಯ ಹಿಂದೆ ಅಡಗಿರುತ್ತದೆ. ಯಾವ ಜೋಡಿ ನಡೆಯುತ್ತದೆ ಎಂದು ಯಂತ್ರ ಚೆನ್ನಾಗಿರುವಾಗಲೇ, ಎಸ್ ಒತ್ತಿ ‘ಡಿಎಂಇಎಸ್‌ಜಿ’ ಆಜ್ಞೆ ತೋರಿಸುವ ಕರ್ನಲ್ ಸಂದೇಶ ನೋಡಿ ಖಚಿತ ಮಾಡಿಕೊಳ್ಳಿ. ಎಸ್ ಡಿಸ್ಕಿಗೆ ಬರೆಯುವುದನ್ನು ಮುಗಿಸುತ್ತದೆ ಅಷ್ಟೇ, ಅಪಾಯವಿಲ್ಲ.

ಲಾಗ್ ವಿಷಯದಲ್ಲಿ ಡೆಬಿಯನ್ 12ಕ್ಕೆ ಪೂರ್ಣ ಅಂಕ ಕೊಡಲಾಗದು, ಕಾರಣ ಎರಡು. ಹಳೆಯ ಕೈಪಿಡಿಗಳೆಲ್ಲ ‘/ವಾರ್/ಲಾಗ್/ಕರ್ನ್.ಲಾಗ್’ ನೋಡಿ ಎನ್ನುತ್ತವೆ. ಹೊಸದಾಗಿ ಹಾಕಿದ 12ರಲ್ಲಿ ಆ ಫೈಲೇ ಇಲ್ಲ, ಏಕೆಂದರೆ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ. ಎಲ್ಲವೂ ಸಿಸ್ಟಮ್‌ಡಿ ಜರ್ನಲ್ ಒಳಗಿದೆ. ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳಿಗೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’. ಇದು ಗೊತ್ತಾದರೆ ಮುಗಿಯಿತು, ದೊಡ್ಡ ಕೊರತೆಯಲ್ಲ. ಎರಡನೆಯದು ನಿಜವಾದ ಕೊರತೆ. ಜರ್ನಲ್ ತನ್ನ ಬರಹವನ್ನು ಡಿಸ್ಕಿಗೆ ಗಟ್ಟಿ ಮಾಡುವುದು ಐದು ನಿಮಿಷಕ್ಕೊಮ್ಮೆ. ತೀರಾ ಗಂಭೀರ ಸಂದೇಶಗಳಿಗೆ ಮಾತ್ರ ಕೂಡಲೇ. ಪರದೆ ನಿಂತ ಎರಡೇ ನಿಮಿಷಕ್ಕೆ ಪವರ್ ಕಿತ್ತರೆ ಬೇಕಾದ ಸಾಲುಗಳೇ ಇರುವುದಿಲ್ಲ. ಲಾಗ್‌ನಲ್ಲಿ ಏನೂ ಇಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ‘/ಇಟಿಸಿ/ಸಿಸ್ಟಮ್‌ಡಿ/ಜರ್ನಲ್‌ಡಿ.ಕಾನ್ಫ್’ ಫೈಲಿನಲ್ಲಿ ‘ಸಿಂಕ್‌ಇಂಟರ್ವಲ್‌ಸೆಕ್’ ಬೆಲೆಯನ್ನು 15 ಸೆಕೆಂಡಿಗೆ ಇಳಿಸಿ. ಮತ್ತು ಪವರ್ ಬಟನ್ ಬದಲು ಸಿಸ್‌ಆರ್‌ಕ್ಯೂ ಎಸ್, ಯು, ಬಿ ಇದೇ ಕ್ರಮದಲ್ಲಿ, ನಡುವೆ ಎರಡು ಮೂರು ಸೆಕೆಂಡು ಬಿಟ್ಟು ಒತ್ತಿ.

ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಡೆಬಿಯನ್ ತೆಗೆದುಕೊಂಡಿರುವ ನಿರ್ಧಾರ ಒಳ್ಳೆಯದು. ಜಿ41, ಜಿಎಂ45 ಮತ್ತು ಅದರ ಮುಂದಿನವುಗಳಿಗೆ ಎಕ್ಸ್ ತಾನಾಗಿ ‘ಮೋಡ್‌ಸೆಟ್ಟಿಂಗ್’ ಡ್ರೈವರ್ ಆರಿಸುತ್ತದೆ. ಅದಕ್ಕಿಂತ ಹಳೆಯ ಜಿ31, 945ರಂಥವುಗಳಿಗೆ ಹಳೆಯ ‘ಇಂಟೆಲ್’ ಡ್ರೈವರ್. ಯಾವುದು ಓಡುತ್ತಿದೆ ಎಂದು ‘/ವಾರ್/ಲಾಗ್/ಎಕ್ಸ್‌ಆರ್ಗ್.0.ಲಾಗ್’ ಹೇಳುತ್ತದೆ, ಸಾಲುಗಳಲ್ಲಿ ‘ಮೋಡ್‌ಸೆಟ್(0)’ ಅಥವಾ ‘ಇಂಟೆಲ್(0)’ ಎಂದಿರುತ್ತದೆ. ಅಂತರ್ಜಾಲದ ಹಳೆಯ ಸಲಹೆ ನಂಬಿ ಜಿ41ಕ್ಕೆ ‘ಇಂಟೆಲ್’ ಡ್ರೈವರನ್ನು ಒತ್ತಾಯದಿಂದ ಹಾಕಬೇಡಿ. ಅದರ ಕೊನೆಯ ಆವೃತ್ತಿ 2.99.917 ಹೊರಬಂದದ್ದು 2014ರಲ್ಲಿ. ಹಿಂದೆ ಯಾರೋ ಬರೆದಿಟ್ಟ ‘20-ಇಂಟೆಲ್.ಕಾನ್ಫ್’ ಫೈಲ್ ‘/ಇಟಿಸಿ/ಎಕ್ಸ್11/’ ಕೆಳಗೆ ಉಳಿದಿದೆಯೇ ನೋಡಿ. ಇದ್ದರೆ ಬೇರೆಡೆಗೆ ಸರಿಸಿ, ಲಾಗಿನ್ ಆಗಿ ನೋಡಿ. ಅಪ್‌ಗ್ರೇಡ್ ಮಾಡಿಕೊಂಡು ಬಂದ ಯಂತ್ರಗಳಲ್ಲಿ ಇಷ್ಟರಿಂದಲೇ ಸಮಸ್ಯೆ ನಿಂತುಬಿಡುವುದುಂಟು.

ಗ್ರಾಫಿಕ್ಸ್ ಚಿಪ್ ನಿಂತದ್ದೇ ಆದರೆ ಕರ್ನಲ್ ಲಾಗ್‌ನಲ್ಲಿ ‘ಜಿಪಿಯು ಹ್ಯಾಂಗ್’ ಎಂಬ ಸಾಲು, ಅದರ ಜೊತೆ ‘ಇಕೋಡ್’, ಆಮೇಲೆ ಒಂದು ಪ್ರೋಗ್ರಾಂನ ಹೆಸರು ಇರುತ್ತದೆ. ಆ ಹೆಸರಿನ ಮೇಲೆ ಕಣ್ಣಿಡಿ. ಪ್ರತಿಸಲವೂ ಫೈರ್‌ಫಾಕ್ಸ್ ಎಂದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಬರೆಯುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವುದು) ಗುರುತು ತೆಗೆದರೆ ಸಾಕಾಗಬಹುದು. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಆದ ಎಕ್ಸ್‌ಎಫ್‌ಡಬ್ಲ್ಯುಎಂ4 ಎಂದಿದ್ದರೆ ಸೆಟ್ಟಿಂಗ್ಸ್, ‘ವಿಂಡೋ ಮ್ಯಾನೇಜರ್ ಟ್ವೀಕ್ಸ್’, ‘ಕಂಪೋಸಿಟರ್’ ಪುಟದಲ್ಲಿ ಮೊದಲ ಗುರುತನ್ನೇ ತೆಗೆಯಿರಿ. ನೆರಳು, ಪಾರದರ್ಶಕತೆ ಹೋಗುತ್ತವೆ, ಬೇರೇನೂ ನಷ್ಟವಿಲ್ಲ. ಎಕ್ಸ್‌ಆರ್ಗ್ ಹೆಸರೇ ಬರುತ್ತಿದ್ದರೆ ಕೊನೆಯ ಪರೀಕ್ಷೆಯಾಗಿ ‘/ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್.ಡಿ/’ ಎಂಬ ಫೋಲ್ಡರ್ ಮಾಡಿ, ಅದರೊಳಗಿನ ಫೈಲಿನ ‘ಡಿವೈಸ್’ ವಿಭಾಗದಲ್ಲಿ ಡ್ರೈವರ್ ‘ಮೋಡ್‌ಸೆಟ್ಟಿಂಗ್’, ಆಯ್ಕೆ ‘ಆಕ್ಸೆಲ್‌ಮೆಥಡ್’, ಬೆಲೆ ‘ನನ್’ ಎಂದು ಕೊಡಿ. ಚಿತ್ರ ಬರೆಯುವ ಕೆಲಸವೆಲ್ಲ ಪ್ರೊಸೆಸರ್‌ಗೆ ಬೀಳುತ್ತದೆ. ಕೋರ್ 2 ಡ್ಯುಯೊಗೆ 1366×768 ಪರದೆಯಲ್ಲಿ ಬರವಣಿಗೆ, ಲೆಕ್ಕಪತ್ರ, ಸಾದಾ ಬ್ರೌಸಿಂಗ್‌ಗೆ ಅಡ್ಡಿಯಿಲ್ಲ. ವಿಡಿಯೊ ಮಾತ್ರ ಎಡವುತ್ತದೆ. ಹೀಗೆ ಮಾಡಿದ ಮೇಲೆ ಒಂದು ವಾರ ನಿಲ್ಲದೆ ಓಡಿದರೆ ತೊಂದರೆ ಆಕ್ಸಲರೇಶನ್ ದಾರಿಯಲ್ಲೇ ಇತ್ತು ಎಂದು ತಿಳಿಯಬಹುದು. ಹ್ಯಾಂಗ್ ಆದ ಹೊತ್ತಿನ ಚಿಪ್ಪಿನ ಸ್ಥಿತಿ ‘/ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0/ಎರರ್’ ಫೈಲಿನಲ್ಲಿರುತ್ತದೆ. ಅದು ರ‍್ಯಾಮ್‌ನಲ್ಲಿರುವುದರಿಂದ ರೀಬೂಟ್ ಆದರೆ ಹೋಗಿಬಿಡುತ್ತದೆ. ದೋಷ ವರದಿ ಮಾಡುವವರು ಎಸ್‌ಎಸ್‌ಎಚ್ ಮೂಲಕ ಮೊದಲೇ ನಕಲು ಮಾಡಿಕೊಳ್ಳಬೇಕು.

‘ಐ915.ಎನೇಬಲ್_ಆರ್‌ಸಿ6=0’ ಎಂಬ, ಇಂಟೆಲ್ ಗ್ರಾಫಿಕ್ಸ್‌ನ ವಿದ್ಯುತ್ ಉಳಿತಾಯ ನಿಲ್ಲಿಸುವ ಬೂಟ್ ಆಯ್ಕೆಯನ್ನು ಇಂದಿಗೂ ಹಲವರು ಸೂಚಿಸುತ್ತಾರೆ. ಕರ್ನಲ್ 6.1ರಲ್ಲಿ ಆ ಆಯ್ಕೆ ಇಲ್ಲವೇ ಇಲ್ಲ. ಗೊತ್ತಿಲ್ಲದ ಆಯ್ಕೆ, ಬಿಟ್ಟಿದ್ದೇನೆ ಎಂದು ಕರ್ನಲ್ಲೇ ಲಾಗ್‌ನಲ್ಲಿ ಹೇಳುತ್ತದೆ. ಯಾವ ಬೂಟ್ ಆಯ್ಕೆಯನ್ನೇ ಆಗಲಿ ಒಂದೊಂದಾಗಿ, ಮೊದಲು ತಾತ್ಕಾಲಿಕವಾಗಿ ಪರೀಕ್ಷಿಸಿ: ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಸೇರಿಸಿ, ಎಫ್10. ಫಲ ಕಂಡರೆ ಮಾತ್ರ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನಲ್ಲಿ ಬರೆದು ‘ಅಪ್‌ಡೇಟ್-ಗ್ರಬ್’ ಓಡಿಸಿ.

ಎನ್ವಿಡಿಯಾ ಕಾರ್ಡ್‌ಗಳ ವಿಷಯಕ್ಕೆ ಬಂದರೆ ಡೆಬಿಯನ್ 12ರ ದುರ್ಬಲ ಜಾಗ ಇದೇ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಜಿಫೋರ್ಸ್ 8, 9 ಮತ್ತು 200 ಸಾಲಿನ ಕಾರ್ಡ್‌ಗಳಿಗೆ ಎನ್ವಿಡಿಯಾದ ಕೊನೆಯ ಡ್ರೈವರ್ 340. ಅದರ ಬೆಂಬಲ 2019ರ ಕೊನೆಗೆ ನಿಂತಿತು, 12ರ ಭಂಡಾರದಲ್ಲಿ ಅದು ಇಲ್ಲ. ಉಳಿಯುವುದು ನೂವೊ ಒಂದೇ. ಇದು ಒಳಗಿನ ದಾಖಲೆ ಕೊಡದ ಚಿಪ್ಪನ್ನು ಹೊರಗಿನಿಂದ ಓದಿ ತಿಳಿದು, ಸ್ವಯಂಸೇವಕರು ವರ್ಷಗಟ್ಟಲೆ ಕಟ್ಟಿದ ಡ್ರೈವರ್. ಅವರ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೂ ಒಂದಕ್ಕಿಂತ ಹೆಚ್ಚು ಪ್ರೋಗ್ರಾಂಗಳು ಒಟ್ಟಿಗೆ ಓಪನ್‌ಜಿಎಲ್ (3ಡಿ ಚಿತ್ರ ಬರೆಯುವ ವಿಧಾನ) ಬಳಸಿದಾಗ ಇದು ತಡವರಿಸುತ್ತದೆ. ಲಾಗ್‌ನಲ್ಲಿ ‘ಫೈಫೊ’, ‘ಡಿಎಂಎ_ಪುಶರ್’, ‘ಕ್ಯಾಶ್_ಎರರ್’, ‘ಟ್ರ್ಯಾಪ್’ ಎಂಬ ಪದಗಳ ಸಾಲುಗಳು ಸುರಿದಿದ್ದರೆ ಇದೇ ಕಾಯಿಲೆ.

ಇಲ್ಲಿ ಮಾಡಬೇಕಾದ ಕ್ರಮ ಹೀಗೆ. ಮೊದಲು ಬ್ರೌಸರಿನ ಆಕ್ಸಲರೇಶನ್ ಮತ್ತು ಎಕ್ಸ್‌ಎಫ್‌ಸಿಇ ಕಂಪೋಸಿಟರ್ ಎರಡನ್ನೂ ಆಫ್ ಮಾಡಿ. ಸಾಲದಿದ್ದರೆ ಎಕ್ಸ್ ಡ್ರೈವರ್ ಬದಲಿಸಿ. ಡೆಬಿಯನ್ ಈ ಕಾರ್ಡ್‌ಗಳಿಗೂ ‘ಮೋಡ್‌ಸೆಟ್ಟಿಂಗ್’ ಅನ್ನೇ ಆರಿಸುತ್ತದೆ. ಅದು ಪ್ರತಿ ಕಿಟಕಿಯನ್ನೂ ಗ್ಲಾಮರ್ ಮೂಲಕ, ಅಂದರೆ ಓಪನ್‌ಜಿಎಲ್ ಮೂಲಕವೇ ಬರೆಯುತ್ತದೆ, ದುರ್ಬಲವಾಗಿರುವ ದಾರಿ ಅದೇ. ‘ಎಕ್ಸ್‌ಸರ್ವರ್-ಎಕ್ಸ್‌ಆರ್ಗ್-ವಿಡಿಯೊ-ನೂವೊ’ ಪ್ಯಾಕೇಜ್ ಇದೆಯೆಂದು ನೋಡಿಕೊಂಡು, ಮೇಲೆ ಹೇಳಿದ ಫೋಲ್ಡರಿನಲ್ಲಿ ಡ್ರೈವರ್ ಹೆಸರು ‘ನೂವೊ’ ಎಂದು ಬರೆದರೆ 2ಡಿ ಕೆಲಸ ಇಎಕ್ಸ್‌ಎ ಎಂಬ ಹಳೆಯ ಸರಳ ದಾರಿಗೆ ತಿರುಗುತ್ತದೆ. 8400 ಜಿಎಸ್, 210ರಂಥ ಕಾರ್ಡ್‌ಗಳಲ್ಲಿ ಮೊದಲು ಮಾಡಿ ನೋಡಬೇಕಾದ ಬದಲಾವಣೆ ಇದು. ಫೈಲಿನಲ್ಲಿ ಅಕ್ಷರ ತಪ್ಪಿದರೆ ಎಕ್ಸ್ ಏಳುವುದೇ ಇಲ್ಲ. ಗಾಬರಿ ಬೇಡ, ಪಠ್ಯ ಕನ್ಸೋಲಿಗೆ ಹೋಗಿ ಆ ಫೈಲ್ ಅಳಿಸಿದರೆ ಮೊದಲಿನಂತಾಗುತ್ತದೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತಗಳು (ಇಂಟರಪ್ಟ್) ಎಂಎಸ್‌ಐ ಎಂಬ ವಿಧಾನದಲ್ಲಿ ಸರಿಯಾಗಿ ತಲುಪದೆ ಚಿತ್ರ ನಿಲ್ಲುತ್ತದೆ; ಅಲ್ಲಿ ‘ನೂವೊ.ಕಾನ್ಫಿಗ್=ಎನ್‌ವಿಎಂಎಸ್‌ಐ=0’ ಆಯ್ಕೆ ಪರೀಕ್ಷಿಸಬೇಕು. ಇದೂ ಆಗದಿದ್ದರೆ ‘ನೂವೊ.ನೋಆಕ್ಸೆಲ್=1’. ಇದರಲ್ಲಿ ಪರದೆಯ ಪೂರ್ಣ ರೆಸಲ್ಯೂಶನ್ ಉಳಿಯುತ್ತದೆ, ಆಕ್ಸಲರೇಶನ್ ಮಾತ್ರ ಹೋಗುತ್ತದೆ. ‘ನೋಮೋಡ್‌ಸೆಟ್’ ಮಾತ್ರ ದುರಸ್ತಿಯ ಹೊತ್ತಿಗಷ್ಟೇ ಇರಲಿ. ಅದು ಗ್ರಾಫಿಕ್ಸ್ ಡ್ರೈವರನ್ನೇ ಪೂರ್ತಿ ದೂರವಿಡುತ್ತದೆ, ಪರದೆ ಫರ್ಮ್‌ವೇರ್ ಕೊಟ್ಟ ಗಾತ್ರಕ್ಕೆ ಕಟ್ಟುಬೀಳುತ್ತದೆ. ಇನ್ನು, ಮದರ್‌ಬೋರ್ಡಿನಲ್ಲೇ ಜಿ41 ಗ್ರಾಫಿಕ್ಸ್ ಇದ್ದರೆ ಈ ಎಲ್ಲ ಕಸರತ್ತಿಗಿಂತ ಕಾರ್ಡನ್ನು ಬಿಚ್ಚಿಟ್ಟು, ಕೇಬಲನ್ನು ಬೋರ್ಡಿನ ವಿಜಿಎ ಪೋರ್ಟಿಗೆ ಚುಚ್ಚುವುದೇ ಉತ್ತಮ.

ಎಎಂಡಿ ರೇಡಿಯಾನ್ ಎಚ್‌ಡಿ 2000ದಿಂದ 4000ರ ತನಕದವು ಇಲ್ಲಿ ಹೆಚ್ಚು ತೊಂದರೆ ಕೊಡುವುದಿಲ್ಲ. ಅವುಗಳಿಗೆ ಬೇಕಾದ ಫರ್ಮ್‌ವೇರ್ ಈಗ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ. ಹಿಂದಿನ ಡೆಬಿಯನ್‌ಗಳಲ್ಲಿ ಅದನ್ನು ಬೇರೆಯಾಗಿ ಹುಡುಕಬೇಕಿತ್ತು.

ಬೇ ಟ್ರೈಲ್ ಯಂತ್ರಗಳ ಕಥೆ ಬೇರೆ. ವಿಡಿಯೊ ನೋಡುತ್ತಿರುವಾಗಲೋ ಸುಮ್ಮನೆ ಬಿಟ್ಟಾಗಲೋ ಇಡೀ ಯಂತ್ರ ನಿಲ್ಲುತ್ತದೆ. ಪಿಂಗ್ ಇಲ್ಲ, ಸಿಸ್‌ಆರ್‌ಕ್ಯೂ ಇಲ್ಲ, ಲಾಗ್‌ನಲ್ಲಿ ಒಂದಕ್ಷರವಿಲ್ಲ. ಕರ್ನಲ್ ದೋಷಪಟ್ಟಿಯಲ್ಲಿ 109051 ಎಂಬ ಸಂಖ್ಯೆಯಡಿ ಪ್ರಸಿದ್ಧವಾದ ತೊಂದರೆ ಇದು. ಪ್ರೊಸೆಸರ್ ಆಳವಾದ ನಿದ್ದೆಯ ಸ್ಥಿತಿಗಳಿಗೆ ಇಳಿಯುವುದಕ್ಕೂ, ಅದೇ ಚಿಪ್ಪಿನಲ್ಲಿರುವ ಗ್ರಾಫಿಕ್ಸ್ ವಿದ್ಯುತ್ ಘಟಕದ ಜೊತೆ ಮಾತಾಡುವುದಕ್ಕೂ ಘರ್ಷಣೆ. ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಎಂದು ಬೂಟ್ ಸಾಲಿನಲ್ಲಿ ಕೊಟ್ಟರೆ ಪ್ರೊಸೆಸರ್ ಮೇಲುಪದರದ ನಿದ್ದೆಯಲ್ಲೇ ನಿಲ್ಲುತ್ತದೆ, ಹ್ಯಾಂಗ್ ತಪ್ಪುತ್ತದೆ. ಬದಲಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮೈ ಸ್ವಲ್ಪ ಬಿಸಿಯಾಗುತ್ತದೆ. ಮುಂದಿನ ಕರ್ನಲ್‌ಗಳಲ್ಲಿ ಈ ಬಗ್ಗೆ ಹಲವು ತಿದ್ದುಪಡಿ ಬಂದಿರುವುದರಿಂದ 6.1ರಲ್ಲಿ ಮೊದಲು ಈ ಆಯ್ಕೆ ಇಲ್ಲದೆಯೇ ಓಡಿಸಿ ನೋಡಿ, ನಿಂತರೆ ಮಾತ್ರ ಹಾಕಿ. ಹಾಕಿದ್ದು ನಾಟಿದೆಯೇ ಎಂದು ‘/ಸಿಸ್/ಮಾಡ್ಯೂಲ್/ಇಂಟೆಲ್_ಐಡಲ್/ಪ್ಯಾರಾಮೀಟರ್ಸ್/ಮ್ಯಾಕ್ಸ್_ಸಿಸ್ಟೇಟ್’ ಓದಿದರೆ ತಿಳಿಯುತ್ತದೆ, 1 ಎಂದಿರಬೇಕು.

ಮೌಸ್, ಕೀಬೋರ್ಡ್ ಸತ್ತಂತೆ ಕಂಡಾಗ ತಪ್ಪು ಅವುಗಳದ್ದೇ ಆಗಿರಬೇಕಿಲ್ಲ. ಎಕ್ಸ್‌ಆರ್ಗ್ ಲಾಗ್‌ನಲ್ಲಿ ‘ಇಕ್ಯೂ ಓವರ್‌ಫ್ಲೋಯಿಂಗ್’ ಎಂಬ ಸಾಲು ಕಂಡರೆ ಕೀಬೋರ್ಡ್ ಬದಲಿಸಲು ಹೋಗಬೇಡಿ. ನೀವು ಒತ್ತಿದ ಕೀಲಿ, ಅಲುಗಿಸಿದ ಮೌಸ್ ಎಲ್ಲವೂ ಸರದಿಯಲ್ಲಿ ಬಂದು ನಿಂತಿವೆ. ಅವುಗಳನ್ನು ತೆಗೆದುಕೊಳ್ಳಬೇಕಾದ ಎಕ್ಸ್ ಗ್ರಾಫಿಕ್ಸ್ ಚಿಪ್ಪಿನ ಬಾಗಿಲಲ್ಲಿ ಕಾಯುತ್ತಾ ಕೂತಿದೆ, ಸರದಿ ತುಂಬಿ ಚೆಲ್ಲಿದೆ. ಅಂದರೆ ಕಾಣುವುದು ಇನ್‌ಪುಟ್ ಕಾಯಿಲೆ, ಬೇರು ಡಿಸ್‌ಪ್ಲೇಯಲ್ಲಿ. ಆ ಸಾಲಿನ ಕೆಳಗಿರುವ ಬ್ಯಾಕ್‌ಟ್ರೇಸ್‌ನಲ್ಲಿ (ಎಕ್ಸ್ ಎಲ್ಲಿ ಸಿಕ್ಕಿಕೊಂಡಿತೆಂಬ ಪಟ್ಟಿಯಲ್ಲಿ) ಯಾವ ಡ್ರೈವರಿನ ಹೆಸರಿದೆ ನೋಡಿ.

ನಿಜವಾಗಿಯೂ ಇನ್‌ಪುಟ್ ತೊಂದರೆಗಳೂ ಇವೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ನಿಂತು, ಕರ್ನಲ್ ಲಾಗ್‌ನಲ್ಲಿ ‘ಪಿಎಸ್‌ಮೌಸ್’ ಮತ್ತು ‘ಲಾಸ್ಟ್ ಸಿಂಕ್’ ಎಂದಿದ್ದರೆ ‘ಮಾಡ್‌ಪ್ರೋಬ್ -ಆರ್ ಪಿಎಸ್‌ಮೌಸ್’, ಆಮೇಲೆ ‘ಮಾಡ್‌ಪ್ರೋಬ್ ಪಿಎಸ್‌ಮೌಸ್’ ಕೊಟ್ಟರೆ ಎದ್ದು ಕೂರುತ್ತದೆ. ಸಸ್ಪೆಂಡ್‌ನಿಂದ ಎದ್ದಾಗ ಲ್ಯಾಪ್‌ಟಾಪ್ ಕೀಬೋರ್ಡ್ ಸಾಯುವ ಯಂತ್ರಗಳಿಗೆ ‘ಐ8042.ರಿಸೆಟ್’ ಮತ್ತು ‘ಐ8042.ನೋಮಕ್ಸ್’ ಆಯ್ಕೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಯುಎಸ್‌ಬಿ ಮೌಸ್ ಕೆಲಹೊತ್ತು ಮುಟ್ಟದಿದ್ದರೆ ಮಲಗಿ ಏಳದಿದ್ದರೆ ‘ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1’. ಲಾಗ್‌ನಲ್ಲಿ -71 ಅಥವಾ -110 ಎಂಬ ದೋಷಸಂಖ್ಯೆ ಮತ್ತೆಮತ್ತೆ ಬಂದರೆ ಮೊದಲು ತಂತಿ ಅಥವಾ ಪೋರ್ಟನ್ನು ಅನುಮಾನಿಸಿ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿನಿಂದ ತೆಗೆದು ಹಿಂದೆ, ಮದರ್‌ಬೋರ್ಡಿನ ಪೋರ್ಟಿಗೇ ಚುಚ್ಚಿ. ಮುದಿಯಾದ ಎಸ್‌ಎಂಪಿಎಸ್ 5 ವೋಲ್ಟ್ ಸರಿಯಾಗಿ ಕೊಡದಿದ್ದರೂ ಹೀಗಾಗುತ್ತದೆ.

ಲಾಗಿನ್ ಪರದೆ ಚೆಂದವಾಗಿ ಬಂದು, ಗಡಿಯಾರವೂ ಓಡುತ್ತಿದ್ದು, ಕೀಬೋರ್ಡ್ ಮೌಸ್ ಎರಡೂ ಶುರುವಿನಿಂದಲೇ ಕೇಳದಿದ್ದರೆ ಅದು ಹ್ಯಾಂಗ್ ಅಲ್ಲ. ಬೇಡದ ಪ್ಯಾಕೇಜ್ ಗುಡಿಸುವಾಗ ‘ಎಕ್ಸ್‌ಸರ್ವರ್-ಎಕ್ಸ್‌ಆರ್ಗ್-ಇನ್‌ಪುಟ್-ಲಿಬ್‌ಇನ್‌ಪುಟ್’ ಹೊರಟುಹೋಗಿರುತ್ತದೆ. ಎಕ್ಸ್‌ಆರ್ಗ್ ಲಾಗ್‌ನಲ್ಲಿ ‘ನೋ ಇನ್‌ಪುಟ್ ಡ್ರೈವರ್ ಸ್ಪೆಸಿಫೈಡ್’ ಎಂದಿರುತ್ತದೆ. ಎಸ್‌ಎಸ್‌ಎಚ್‌ನಿಂದಲೋ ಗ್ರಬ್‌ನ ರಿಕವರಿ ಮೋಡ್‌ನಿಂದಲೋ ಮತ್ತೆ ಹಾಕಿ.

ಕನ್ನಡ ಟೈಪ್ ಮಾಡುವವರಿಗೇ ವಿಶೇಷವಾಗಿ ಎದುರಾಗುವ ಇನ್ನೊಂದು ತೊಂದರೆಯನ್ನು ಇಲ್ಲಿ ಹೇಳಲೇಬೇಕು. ಕನ್ನಡ ಟೈಪಿಂಗ್‌ಗೆ ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ವಿನ್ಯಾಸದಲ್ಲೋ ಐಟ್ರಾನ್ಸ್‌ನಲ್ಲೋ ಬರೆಯುವಾಗ ಪ್ರತಿ ಕೀಲಿಯೂ ಪ್ರೋಗ್ರಾಂಗೆ ತಲುಪುವ ಮುನ್ನ ಐಬಸ್ ಮೂಲಕ ಹಾದುಹೋಗುತ್ತದೆ. ಐಬಸ್ ಸಿಕ್ಕಿಕೊಂಡರೆ ಮೌಸ್ ಸರಾಗ, ಕಿಟಕಿಗಳೂ ಸರಾಗ, ಅಕ್ಷರ ಮಾತ್ರ ಮೂಡುವುದಿಲ್ಲ. ಇಂಗ್ಲಿಷ್ ಕೂಡ ಮೂಡದಿರುವುದರಿಂದ ಕೀಬೋರ್ಡೇ ಕೆಟ್ಟಿದೆ ಎನಿಸುತ್ತದೆ. ಪರೀಕ್ಷೆ ಸುಲಭ: ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಕನ್ಸೋಲಿಗೆ ಹೋದರೆ ಅಲ್ಲಿ ಕೀಬೋರ್ಡ್ ಚೆನ್ನಾಗಿಯೇ ನಡೆಯುತ್ತದೆ. ಎಫ್7 ಮೂಲಕ ಮರಳಿ ಬಂದು ‘ಐಬಸ್-ಡೀಮನ್ -ಡಿಆರ್‌ಎಕ್ಸ್’ ಓಡಿಸಬೇಕು. ಆದರೆ ಟೈಪ್ ಮಾಡಲಾಗದಾಗ ಆಜ್ಞೆ ಬರೆಯುವುದು ಹೇಗೆ? ಆದ್ದರಿಂದ ಪ್ಯಾನೆಲ್‌ನಲ್ಲಿ ಒಂದು ‘ಲಾಂಚರ್’ ಮಾಡಿ ಈ ಆಜ್ಞೆಯನ್ನು ಮೊದಲೇ ಅದರೊಳಗೆ ಇಟ್ಟುಬಿಡಿ, ಮೌಸ್ ಕ್ಲಿಕ್ ಸಾಕು. ಎರಡು ನಿಮಿಷದ ಈ ಕೆಲಸ ಬರೆಯುತ್ತಿರುವ ಕಡತವನ್ನು ಉಳಿಸುತ್ತದೆ.

ಎಕ್ಸ್‌ಎಫ್‌ಸಿಇ ಆರಿಸಿಕೊಳ್ಳಲು ಇನ್ನೊಂದು ಗಟ್ಟಿ ಕಾರಣವೂ ಇದೇ ಬಗೆಯದು. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್, ಎಕ್ಸ್ ಬದಲು ಬರುವ ವೇಲ್ಯಾಂಡ್‌ನಲ್ಲಿ ಓಡುವಾಗ ವಿಂಡೋ ನೋಡಿಕೊಳ್ಳುವುದೂ ಪರದೆಗೆ ಬರೆಯುವುದೂ ಒಂದೇ ಪ್ರಕ್ರಿಯೆ. ಅದು ಬಿದ್ದರೆ ತೆರೆದಿದ್ದ ಎಲ್ಲವೂ ಬೀಳುತ್ತದೆ. ಎಕ್ಸ್‌ಎಫ್‌ಸಿಇ 4.18ರಲ್ಲಿ ಇವು ಬೇರೆಬೇರೆ. ವಿಂಡೋ ಮ್ಯಾನೇಜರ್ ನಿಂತರೆ ‘ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್’ ಕೊಟ್ಟು ಅದೊಂದನ್ನೇ ಎಬ್ಬಿಸಬಹುದು, ಬರೆಯುತ್ತಿದ್ದ ಕಡತ ಹಾಗೆಯೇ ಇರುತ್ತದೆ. ಕನ್ಸೋಲಿನಿಂದ ಕೊಡುವುದಾದರೆ ಮುಂದೆ ‘ಡಿಸ್‌ಪ್ಲೇ=:0’ ಸೇರಿಸಬೇಕು.

ಅದೇ ಎಕ್ಸ್‌ಎಫ್‌ಸಿಇ ಜೊತೆ ಬರುವ ಲೈಟ್-ಲಾಕರ್ ಮಾತ್ರ ಹಳೆಯ ಯಂತ್ರಕ್ಕೆ ಒಗ್ಗುವುದಿಲ್ಲ. ಪರದೆ ಲಾಕ್ ಮಾಡಲು ಅದು ಇನ್ನೊಂದು ಕನ್ಸೋಲಿಗೆ ಜಿಗಿದು ಅಲ್ಲಿ ಲಾಗಿನ್ ತೋರಿಸುತ್ತದೆ. ಈ ಜಿಗಿತದಲ್ಲಿ, ಅದರಲ್ಲೂ ಸಸ್ಪೆಂಡ್‌ನಿಂದ ಎದ್ದಾಗ, ಪರದೆ ಕಪ್ಪಾಗಿಯೇ ಉಳಿಯುವುದುಂಟು. ಕಂಟ್ರೋಲ್, ಆಲ್ಟ್, ಎಫ್7, ಮತ್ತೆ ಎಫ್8 ಒತ್ತಿದರೆ ಹಲವು ಸಲ ಬೆಳಕು ಬರುತ್ತದೆ. ಎಸ್‌ಎಸ್‌ಎಚ್‌ನಿಂದ ‘ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ಸ್’ ಕೂಡ ಕೊಡಬಹುದು. ಶಾಶ್ವತ ಪರಿಹಾರಕ್ಕೆ ಲೈಟ್-ಲಾಕರ್ ತೆಗೆದು ಎಕ್ಸ್‌ಸ್ಕ್ರೀನ್‌ಸೇವರ್ ಹಾಕಿ. ಅದು ಇದ್ದ ಜಾಗದಲ್ಲೇ ಲಾಕ್ ಮಾಡುತ್ತದೆ.

ರ‍್ಯಾಮ್ ಮುಗಿದು ನಿಲ್ಲುವುದು 2 ಜಿಬಿ ಯಂತ್ರಗಳಲ್ಲಿ ನಿತ್ಯದ ಮಾತು. ಆಗ ಡಿಸ್ಕ್ ದೀಪ ಉರಿಯುತ್ತಲೇ ಇರುತ್ತದೆ. ಕಾದರೆ ಹತ್ತು ನಿಮಿಷಕ್ಕೆ ಬಾಣ ಒಮ್ಮೆ ಕದಲಬಹುದು. ‘ಅರ್ಲಿಓಓಎಂ’ ಪ್ಯಾಕೇಜ್ ಹಾಕಿ. ಖಾಲಿ ರ‍್ಯಾಮ್ ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎರಡೂ ಶೇಕಡಾ 10ಕ್ಕಿಂತ ಕೆಳಗಿಳಿದಾಗ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಂಗೆ ನಿಲ್ಲಲು ಹೇಳುತ್ತದೆ, 5ಕ್ಕಿಂತ ಇಳಿದರೆ ಕೊಂದುಬಿಡುತ್ತದೆ. ಜೊತೆಗೆ ‘ಝಡ್‌ರ‍್ಯಾಮ್-ಟೂಲ್ಸ್’ ಹಾಕಿ ‘/ಇಟಿಸಿ/ಡಿಫಾಲ್ಟ್/ಝಡ್‌ರ‍್ಯಾಮ್‌ಸ್ವಾಪ್’ ಫೈಲಿನಲ್ಲಿ ‘ಪರ್ಸೆಂಟ್=50’ ಕೊಟ್ಟರೆ ಹಾರ್ಡ್‌ಡಿಸ್ಕ್‌ಗೆ ಹೋಗಬೇಕಾದ್ದು ಒತ್ತಿ ಮಡಚಿದ ರೂಪದಲ್ಲಿ ರ‍್ಯಾಮ್‌ನಲ್ಲೇ ಉಳಿಯುತ್ತದೆ. ಇವೆರಡನ್ನೂ ಡೆಬಿಯನ್ ತಾನಾಗಿ ಹಾಕಿಕೊಡುವುದಿಲ್ಲ ಎಂಬುದು ಬೇಸರದ ಸಂಗತಿ. ಎರಡೂ ಭಂಡಾರದಲ್ಲೇ ಇವೆ, ಹಳೆಯ ಯಂತ್ರಕ್ಕೆ ಇವು ಬೇಕೇ ಬೇಕು.

ಸಾಫ್ಟ್‌ವೇರಿನ ಮೇಲೆ ಗಂಟೆಗಟ್ಟಲೆ ಕೂರುವ ಮುನ್ನ ಹಾರ್ಡ್‌ವೇರನ್ನು ಒಮ್ಮೆ ನೋಡುವುದು ನ್ಯಾಯ. ಇಂಟೆಲ್ ಆನ್‌ಬೋರ್ಡ್ ಗ್ರಾಫಿಕ್ಸ್ ಬಳಸುವುದು ಯಂತ್ರದ ರ‍್ಯಾಮ್ ಅನ್ನೇ, ಹಾಗಾಗಿ ಒಂದು ಕೆಟ್ಟ ಡಿಡಿಆರ್2 ಕಡ್ಡಿ ‘ಜಿಪಿಯು ಹ್ಯಾಂಗ್’ ಎಂಬ ವೇಷದಲ್ಲೂ ಬರಬಹುದು. ಡೆಬಿಯನ್ 12ರಲ್ಲಿರುವ ಮೆಮೊರಿ ಪರೀಕ್ಷಕ ಮೆಮ್‌ಟೆಸ್ಟ್86+ 6.10 ಬಯಾಸ್, ಯುಇಎಫ್‌ಐ ಎರಡರಲ್ಲೂ ಓಡುತ್ತದೆ. ಪ್ಯಾಕೇಜ್ ಹಾಕಿದರೆ ಗ್ರಬ್ ಮೆನುವಿನಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ರಾತ್ರಿ ಓಡಲು ಬಿಡಿ, ಒಂದೇ ಒಂದು ಕೆಂಪು ಸಾಲು ಬಂದರೂ ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿ. ಮದರ್‌ಬೋರ್ಡಿನಲ್ಲಿ ತಲೆ ಉಬ್ಬಿದ ಕೆಪಾಸಿಟರ್‌ಗಳಿವೆಯೇ, ಹೀಟ್‌ಸಿಂಕ್ ಪೇಸ್ಟ್ ಒಣಗಿ ಪುಡಿಯಾಗಿದೆಯೇ ನೋಡಿ. ಗೆರೆಗಳು, ಬಣ್ಣದ ಚೌಕಗಳು ಬಯಾಸ್ ಪರದೆಯಲ್ಲೇ ಕಾಣುತ್ತಿದ್ದರೆ ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ, ಅದರ ತಪ್ಪಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರಿನ ಹಳೆ ಸಾಮಾನಿನ ಅಂಗಡಿಯಲ್ಲೋ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡುತ್ತಿದ್ದು, ಒಳಗೆ ಜಿಫೋರ್ಸ್ 8400ಎಂ ಅಥವಾ 8600ಎಂ ಇದೆಯೆಂದರೆ ಬಿಟ್ಟುಬನ್ನಿ. ಆ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬೆಸುಗೆ ಮತ್ತು ಕಟ್ಟುವಿಕೆಯ ವಸ್ತು ದುರ್ಬಲವೆಂದು 2008ರ ಜುಲೈನಲ್ಲಿ ಎನ್ವಿಡಿಯಾ ತಾನೇ ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತ್ತು. ಅದೇ ಬೆಲೆಗೆ ಜಿಎಂ45 ಇರುವ ಸಾದಾ ಇಂಟೆಲ್ ಲ್ಯಾಪ್‌ಟಾಪ್ ಸಿಕ್ಕರೆ, ಮೆಮ್‌ಟೆಸ್ಟ್ ಹಾಕಿದ ಪೆನ್‌ಡ್ರೈವ್ ಜೊತೆಯಲ್ಲೇ ಒಯ್ದು, ಅಂಗಡಿಯಲ್ಲಿ ಕನಿಷ್ಠ ಒಂದು ಸುತ್ತು ಓಡಿಸಿ ನೋಡಿ ಹಣ ಕೊಡಿ.